ಮೈ ಲಾಯ್‌ನ ಡೋರ್ ಗನ್ನರ್: ಲ್ಯಾರಿ ಕೋಲ್ಬರ್ನ್ ಬಗ್ಗೆ ನಾವು ಯಾಕೆ ಓದಬೇಕು



ಮಾರ್ಚ್ ಬಂತೆಂದರೆ ನಮ್ಮ ಚಳವಳಿಯವರಿಗೆ ನೆನಪುಗಳ ತಿಂಗಳು. 20ಕ್ಕೆ ಮಹಾಡ್‌ನ ಚವದಾರ್ ಕೆರೆ. 11ಕ್ಕೆ ಕಂಬಾಲಪಲ್ಲಿ. ಒಂದು ನೀರಿನ ನೆನಪು, ಇನ್ನೊಂದು ಬೆಂಕಿಯ ನೆನಪು. ಇವೆರಡರ ನಡುವೆ ಇನ್ನೊಂದು ತಾರೀಕು ಇದೆ, ಮಾರ್ಚ್ 16. ನಮ್ಮ ದೇಶದ್ದಲ್ಲ, ವಿಯೆಟ್ನಾಂದು. ಆದರೂ ನಮ್ಮ ಹುಡುಗರು, ಅದರಲ್ಲೂ ಪೊಲೀಸು, ಮಿಲಿಟರಿ, ಸರ್ಕಾರಿ ಆಫೀಸು ಅಂತ ಕೆಲಸಕ್ಕೆ ಸೇರಿರೋ ಹುಡುಗರು ತಿಳ್ಕೊಳ್ಳಲೇಬೇಕಾದ ಕತೆ ಇದು. ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

1968ರ ಮಾರ್ಚ್ 16, ಶನಿವಾರ. ದಕ್ಷಿಣ ವಿಯೆಟ್ನಾಂನ ಕ್ವಾಂಗ್ ನ್ಗಾಯ್ ಪ್ರಾಂತ್ಯ. ಅಲ್ಲಿ ಸೋನ್ ಮಿ ಅನ್ನೋ ಊರು. ನಮ್ಮಲ್ಲಿ ಒಂದು ಗ್ರಾಮ ಪಂಚಾಯ್ತಿಗೆ ನಾಲ್ಕಾರು ಹಳ್ಳಿ, ಮಜರೆ ಸೇರಿರ್ತವಲ್ಲ, ಹಾಗೆ ಆ ಊರಿಗೂ ಹಲವು ಹಟ್ಟಿಗಳು ಸೇರಿದ್ದವು. ಅದರಲ್ಲಿ ಒಂದಕ್ಕೆ ಅಮೆರಿಕದ ಸೇನೆಯ ನಕ್ಷೆಯಲ್ಲಿ ಇಟ್ಟಿದ್ದ ಹೆಸರು ಮೈ ಲಾಯ್-4. ಆ ಭಾಗಕ್ಕೆ ನಕ್ಷೆಯಲ್ಲಿ ಗುಲಾಬಿ ಬಣ್ಣ ಹಾಕಿದ್ದರು, ಅದಕ್ಕೆ ಸೈನಿಕರು ಅದನ್ನ ‘ಪಿಂಕ್‌ವಿಲ್’ ಅಂತ ಕರೀತಿದ್ದರು. ಅಲ್ಲಿ ಬದುಕುತ್ತಿದ್ದ ಜನ ತಮ್ಮ ಊರಿಗೆ ಏನಂತಾರೆ ಅನ್ನೋದು ಯಾರಿಗೂ ಬೇಕಿರಲಿಲ್ಲ. ಊರಿನ ಹೆಸರು ಅಳಿಸಿದವರು ಆಮೇಲೆ ಊರನ್ನೇ ಅಳಿಸೋಕೆ ಹೊರಟರು.

ಬೆಳಗ್ಗೆ ಏಳೂವರೆ ಸುಮಾರಿಗೆ ಫಿರಂಗಿ ಹೊಡೆದು, ಹೆಲಿಕಾಪ್ಟರ್‌ಗಳಲ್ಲಿ ಚಾರ್ಲಿ ಕಂಪನಿ ಅನ್ನೋ ತುಕಡಿಯನ್ನ ಭತ್ತದ ಗದ್ದೆಗಳಲ್ಲಿ ಇಳಿಸಿದರು. ಸುಮಾರು ನೂರು ಜನ ಸೈನಿಕರು. ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ ಅವರ ಮುಖ್ಯಸ್ಥ. ಒಂದನೇ ಪ್ಲಟೂನಿನ ನಾಯಕ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ. ಅವರಿಗೆ ಬಂದಿದ್ದ ಗುಪ್ತಚರ ಮಾಹಿತಿ ಏನಂದ್ರೆ, ಊರಲ್ಲಿ ವಿಯೆಟ್ ಕಾಂಗ್‌ನ 48ನೇ ಬೆಟಾಲಿಯನ್ ಇದೆ, ಸಾಮಾನ್ಯ ಜನ ಏಳು ಗಂಟೆಗೆಲ್ಲ ಸಂತೆಗೆ ಹೋಗಿರ್ತಾರೆ, ಉಳಿದೋರೆಲ್ಲ ಶತ್ರುಗಳೇ ಅಂತ. ಅದಕ್ಕೆ ಹಿಂದಿನ ವಾರಗಳಲ್ಲಿ ನೆಲಬಾಂಬಿಗೆ ಸಿಕ್ಕಿ ಅವರ ಕಂಪನಿಯ ಹುಡುಗರು ಸತ್ತಿದ್ದರು. ಸಿಟ್ಟಿತ್ತು. ಆದರೆ ಊರಿಗೆ ಬಂದು ನೋಡಿದರೆ ಅಲ್ಲಿ ಬೆಟಾಲಿಯನ್ ಇಲ್ಲ, ಏನೂ ಇಲ್ಲ. ಬೆಳಗಿನ ಅನ್ನ ಬೇಯಿಸ್ತಿದ್ದ ಹೆಂಗಸರು, ಮುದುಕರು, ಮಕ್ಕಳು. ಅವತ್ತು ಸೈನಿಕರ ಮೇಲೆ ಒಂದೇ ಒಂದು ಗುಂಡು ಬರಲಿಲ್ಲ. ಇಡೀ ದಿನದಲ್ಲಿ ಗಾಯ ಆದ ಅಮೆರಿಕನ್ ಸೈನಿಕ ಒಬ್ಬನೇ. ಅದೂ ಅವನದೇ ಪಿಸ್ತೂಲಿನಿಂದ, ಅವನದೇ ಪಾದಕ್ಕೆ.

ಮುಂದಿನ ನಾಲ್ಕು ಗಂಟೆಯಲ್ಲಿ ಸೋನ್ ಮಿಯಲ್ಲಿ ಸತ್ತವರು 504 ಜನ. ಇದು ಆ ಊರಿನವರು ಒಬ್ಬೊಬ್ಬರ ಹೆಸರು ಹಿಡಿದು ಬರೆದಿಟ್ಟ ಲೆಕ್ಕ. ಅದರಲ್ಲಿ 182 ಹೆಂಗಸರು, ಅವರಲ್ಲಿ 17 ಜನ ಬಸುರಿಯರು. 173 ಮಕ್ಕಳು, ಅದರಲ್ಲಿ 56 ಹಸುಗೂಸುಗಳು. 60 ವರ್ಷ ದಾಟಿದ ಮುದುಕರು 60 ಜನ. ಹೆಂಗಸರ ಮೇಲೆ ಅತ್ಯಾಚಾರ ಮಾಡಿ ಕೊಂದರು. ಬಹಳಷ್ಟು ಜನರನ್ನ ನೀರಾವರಿ ಕಾಲುವೆಗೆ ದಬ್ಬಿ ಅದರೊಳಗೇ ಗುಂಡು ಹೊಡೆದರು. ಅಮೆರಿಕ ಸೇನೆಯ ಸ್ವಂತ ತನಿಖೆ ಒಪ್ಪಿಕೊಂಡ ಲೆಕ್ಕ 347. ಸತ್ತವರ ಲೆಕ್ಕ ಬರೆಯೋ ಪೆನ್ನು ಕೊಂದವರ ಕೈಲಿದ್ರೆ ಎಷ್ಟು ಕಮ್ಮಿ ಆಗುತ್ತೆ ನೋಡಿ.

ಈಗ ಆಕಾಶಕ್ಕೆ ಬರೋಣ.

ಅವತ್ತು ಆ ಊರಿನ ಮೇಲೆ ಒಎಚ್-23 ಅನ್ನೋ ಚಿಕ್ಕ ಹೆಲಿಕಾಪ್ಟರ್ ಹಾರ್ತಾ ಇತ್ತು. ಮುಂದುಗಡೆ ಗಾಜಿನ ಗುಳ್ಳೆ ಥರ ಇರುತ್ತೆ, ಮೂರು ಜನ ಕೂರಬಹುದು ಅಷ್ಟೆ. ಇದರ ಕೆಲಸ ಏನು ಗೊತ್ತಾ? ಮರದ ತುದಿಗೆ ತಾಗೋ ಹಂಗೆ ತಗ್ಗಿನಲ್ಲಿ ಹಾರಿ, ಕೆಳಗಡೆ ಬಚ್ಚಿಟ್ಟುಕೊಂಡಿರೋ ಶತ್ರು ತನ್ನ ಮೇಲೆ ಗುಂಡು ಹಾರಿಸೋ ಹಂಗೆ ಮಾಡೋದು. ಗುಂಡು ಬಂದ ಜಾಗ ಗೊತ್ತಾದ ಕೂಡಲೇ ಮೇಲೆ ಹಾರ್ತಿರೋ ದೊಡ್ಡ ಗನ್‌ಶಿಪ್ ಹೆಲಿಕಾಪ್ಟರ್‌ಗಳು ಬಂದು ಅಲ್ಲಿಗೆ ಹೊಡೀತವೆ. ಹುಲಿ ಬೇಟೆಗೆ ಮೇಕೆ ಕಟ್ತಾರಲ್ಲ, ಆ ಮೇಕೆಯ ಕೆಲಸ.

ಅದರ ತೆರೆದ ಬಾಗಿಲಲ್ಲಿ ಎಂ-60 ಮೆಷಿನ್‌ಗನ್ ಹಿಡಿದು ಕೂರೋನೇ ಡೋರ್ ಗನ್ನರ್. ಆ ಗನ್ನು 10 ಕಿಲೋಗೂ ಮೇಲೆ ತೂಗುತ್ತೆ, ನಿಮಿಷಕ್ಕೆ 500ಕ್ಕೂ ಹೆಚ್ಚು ಗುಂಡು ಹಾರಿಸುತ್ತೆ. ಪೈಲಟ್ಟು ಹೆಲಿಕಾಪ್ಟರ್ ಓಡಿಸ್ತಾನೆ. ಎರಡೂ ಪಕ್ಕ, ಕೆಳಗೆ, ಹಿಂದೆ ಏನಿದೆ ಅಂತ ಕಣ್ಣಿಟ್ಟು ನೋಡಿ ಹೇಳೋದು, ಬಂದ ಗುಂಡಿಗೆ ಗುಂಡು ಕೊಡೋದು ಬಾಗಿಲಲ್ಲಿ ಕೂತೋನ ಕೆಲಸ. ಪೈಲಟ್ಟಿನ ಜೀವ ಅವನ ಕಣ್ಣಲ್ಲಿರುತ್ತೆ. ಆ ಯುದ್ಧದಲ್ಲಿ ಅಮೆರಿಕ ಇಳಿಸಿದ್ದು ಸುಮಾರು 12 ಸಾವಿರ ಹೆಲಿಕಾಪ್ಟರ್, ಕಳಕೊಂಡಿದ್ದು 5 ಸಾವಿರ. ಅಂದ ಮೇಲೆ ಆ ಬಾಗಿಲಲ್ಲಿ ಕೂರೋದು ಎಂಥ ನೌಕರಿ ಅಂತ ನೀವೇ ಯೋಚಿಸಿ. ಸಿನಿಮಾಗಳಲ್ಲಿ ಡೋರ್ ಗನ್ನರ್ ಅಂದ್ರೆ ಗದ್ದೆಯಲ್ಲಿ ಓಡೋ ರೈತರನ್ನ ನಗ್ತಾ ಹೊಡೆಯೋನು. ಅಂಥೋರೂ ಇದ್ದರು, ಇಲ್ಲ ಅನ್ನೋ ಹಂಗಿಲ್ಲ. ಆದರೆ ಅವತ್ತು ಆ ಹೆಲಿಕಾಪ್ಟರಿನ ಬಾಗಿಲಲ್ಲಿದ್ದೋನು ಬೇರೆ.

ಅವನ ಹೆಸರು ಲಾರೆನ್ಸ್ ಕೋಲ್ಬರ್ನ್. ಲ್ಯಾರಿ ಅಂತಾರೆ. ವಯಸ್ಸು 18. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹುಡುಗ. ಹೈಸ್ಕೂಲು ಅರ್ಧಕ್ಕೇ ಬಿಟ್ಟು ಸೇನೆಗೆ ಸೇರಿದ್ದ. ಜೊತೆಗಿದ್ದ ಕ್ರೂ ಚೀಫ್ ಗ್ಲೆನ್ ಆಂಡ್ರಿಯೊಟ್ಟಾಗೆ 20 ವರ್ಷ. ಪೈಲಟ್ ಹ್ಯೂ ಥಾಂಪ್ಸನ್ನಿಗೆ 24, ಜಾರ್ಜಿಯಾ ರಾಜ್ಯದೋನು, ವಾರಂಟ್ ಆಫೀಸರ್. ವಾರಂಟ್ ಆಫೀಸರ್ ಅಂದ್ರೆ ಲೆಫ್ಟಿನೆಂಟಿಗಿಂತ ಕೆಳಗಿನ ದರ್ಜೆ. ಈ ದರ್ಜೆಯ ವಿಷಯ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಮೊದಲು ಇವರಿಗೆ ಏನಾಗ್ತಿದೆ ಅಂತಲೇ ಅರ್ಥ ಆಗಲಿಲ್ಲ. ಕೆಳಗೆ ಶತ್ರು ಇಲ್ಲ, ಗುಂಡಿಲ್ಲ, ಆದರೆ ಹೆಣಗಳಿವೆ. ಗಾಯ ಆಗಿ ಬಿದ್ದಿರೋ ಜನ ಕಂಡ ಕಡೆಯೆಲ್ಲ ಥಾಂಪ್ಸನ್ ಹಸಿರು ಹೊಗೆಯ ಡಬ್ಬಿ ಎಸೆದು ಗುರುತು ಮಾಡಿದ. ಇಲ್ಲಿ ಗಾಯಾಳು ಇದ್ದಾರೆ, ಬಂದು ನೋಡಿ ಅಂತ ಅದರ ಅರ್ಥ. ಇಂಧನ ತುಂಬಿಸಿಕೊಂಡು ವಾಪಸ್ ಬಂದು ನೋಡಿದರೆ ಗುರುತು ಮಾಡಿದ್ದವರೆಲ್ಲ ಸತ್ತಿದ್ದರು. ಗದ್ದೆಯಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬ ಹೆಣ್ಣುಮಗಳ ಹತ್ತಿರ ಹೊಗೆ ಎಸೆದು, ಸ್ವಲ್ಪ ಮೇಲೇ ನಿಂತು ಮೂವರೂ ನೋಡ್ತಿದ್ದಾರೆ. ಒಬ್ಬ ಕ್ಯಾಪ್ಟನ್ ಬಂದ. ಆಕೆಯನ್ನ ಕಾಲಲ್ಲಿ ಒದ್ದ, ಹಿಂದೆ ಸರಿದ, ಗುಂಡು ಹೊಡೆದ. ಸಹಾಯಕ್ಕೆ ಅಂತ ಎಸೆದ ಹೊಗೆ, ಇಲ್ಲಿ ಇನ್ನೂ ಜೀವ ಇದೆ ಅಂತ ತೋರಿಸೋ ಗುರುತಾಗಿತ್ತು.

ಆಮೇಲೆ ಕಾಲುವೆ ಕಂಡಿತು. ಹೆಣ ತುಂಬಿದ ಕಾಲುವೆ, ಅದರೊಳಗೆ ಇನ್ನೂ ಅಲುಗಾಡ್ತಿರೋ ದೇಹಗಳು. ಥಾಂಪ್ಸನ್ ಇಳಿದ. ಅಲ್ಲಿದ್ದ ಸಾರ್ಜೆಂಟನ್ನ, ಇವರಿಗೆ ಏನಾದ್ರೂ ಸಹಾಯ ಮಾಡೋಕಾಗುತ್ತಾ ಅಂತ ಕೇಳಿದ. ಈ ನರಳಾಟದಿಂದ ಬಿಡುಗಡೆ ಮಾಡೋದೊಂದೇ ಸಹಾಯ ಅಂತ ಸಾರ್ಜೆಂಟ್ ಹೇಳಿದ. ಲೆಫ್ಟಿನೆಂಟ್ ಕ್ಯಾಲಿ ಬಂದ. ಇಲ್ಲಿ ನಾನು ಅಧಿಕಾರಿ, ನೀನು ನಿನ್ನ ಕೆಲಸ ನೋಡ್ಕೋ ಅನ್ನೋ ಧಾಟೀಲಿ ಮಾತಾಡಿ ಕಳಿಸಿದ. ದರ್ಜೆ ಕೆಲಸ ಮಾಡ್ತು. ಹೆಲಿಕಾಪ್ಟರ್ ಮೇಲೇಳ್ತಿದ್ದ ಹಾಗೆ ಆಂಡ್ರಿಯೊಟ್ಟಾ ಕೂಗಿ ಹೇಳಿದ, ಅವನು ಕಾಲುವೆಯೊಳಗೆ ಗುಂಡು ಹೊಡೀತಿದ್ದಾನೆ ಅಂತ.

ಸ್ವಲ್ಪ ದೂರದಲ್ಲಿ ಇನ್ನೊಂದು ದೃಶ್ಯ. ಹೆಂಗಸರು, ಮಕ್ಕಳು, ಮುದುಕರ ಒಂದು ಗುಂಪು ಮಣ್ಣಿನ ಬಂಕರ್ ಕಡೆ ಓಡ್ತಾ ಇದೆ. ಹಿಂದೆ ಅಮೆರಿಕನ್ ಸೈನಿಕರು. ಇನ್ನು ಕೆಲವೇ ಕ್ಷಣ ಅಷ್ಟೆ.

ಥಾಂಪ್ಸನ್ ಹೆಲಿಕಾಪ್ಟರನ್ನ ತಂದು ಆ ಜನಕ್ಕೂ ತನ್ನ ದೇಶದ ಸೈನಿಕರಿಗೂ ನಡುವೆ ಇಳಿಸಿದ. ಇಳಿಯೋಕೆ ಮುಂಚೆ ಕೋಲ್ಬರ್ನ್‌ಗೂ ಆಂಡ್ರಿಯೊಟ್ಟಾಗೂ ಒಂದು ಮಾತು ಹೇಳಿದ. ನಾನು ಈ ಜನರನ್ನ ಹೊರಗೆ ಕರೀತೀನಿ, ಆಗ ಆ ಸೈನಿಕರು ಇವರ ಮೇಲೆ ಗುಂಡು ಹಾರಿಸಿದರೆ ನೀವು ಸೈನಿಕರ ಮೇಲೆ ಹಾರಿಸಿ ಅಂತ.

ಇಲ್ಲಿ ಒಂದು ನಿಮಿಷ ನಿಂತು ಆ 18ರ ಹುಡುಗನ ಜಾಗದಲ್ಲಿ ನಿಮ್ಮನ್ನ ಇಟ್ಟು ನೋಡಿ. ಎದುರಿಗೆ ಇರೋರು ಶತ್ರುಗಳಲ್ಲ. ಅದೇ ಯೂನಿಫಾರ್ಮು, ಅದೇ ಭಾಷೆ, ಅದೇ ಕ್ಯಾಂಟೀನಿನ ಊಟ. ಹಿಂದೆ ಇರೋರು ಯಾರು? ಭಾಷೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಟ್ರೇನಿಂಗಿನ ಮೊದಲ ದಿನದಿಂದ ಮನುಷ್ಯರೇ ಅಲ್ಲ ಅಂತ ಹೇಳಿಕೊಟ್ಟ ಜನ. ‘ಗೂಕ್’ ಅನ್ನೋದು ಆ ಸೈನಿಕರು ವಿಯೆಟ್ನಾಮಿಗಳನ್ನ ಕರೀತಿದ್ದ ಬೈಗುಳ. ಸತ್ತೋನು ವಿಯೆಟ್ನಾಮಿ ಆಗಿದ್ರೆ ಅವನು ವಿಯೆಟ್ ಕಾಂಗೇ ಅನ್ನೋದು ಅವರ ನಡುವೆ ಚಾಲ್ತಿಯಲ್ಲಿದ್ದ ಸೂತ್ರ. ಒಂದು ಜನವನ್ನ ಕೊಲ್ಲೋಕೆ ಮುಂಚೆ ಒಂದು ಪದ ಬೇಕಾಗುತ್ತೆ. ಆ ಪದ ಬಾಯಲ್ಲಿ ರೂಢಿ ಆದ ಮೇಲೆ ಕೈಗೆ ಕಷ್ಟ ಆಗಲ್ಲ. ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿರೋ ಸಮಾಜದಲ್ಲಿ ಹುಟ್ಟಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೋಲ್ಬರ್ನ್ ತನ್ನ ಗನ್ನಿನ ಜೊತೆ ನಿಂತ. ಎದುರಿಗೆ ತನ್ನದೇ ಸೇನೆ. ಬಂಕರ್‌ನಿಂದ ಜನರನ್ನ ಹೊರಗೆ ತರೋದು ಹೇಗೆ ಅಂತ ಥಾಂಪ್ಸನ್ ಕೇಳಿದಾಗ, ಅಲ್ಲಿದ್ದ ಲೆಫ್ಟಿನೆಂಟ್ ಹೇಳಿದ ದಾರಿ ಗ್ರೆನೇಡು. ನಾನು ಅದಕ್ಕಿಂತ ಒಳ್ಳೇ ದಾರೀಲಿ ತರ್ತೀನಿ ಅಂದು ಥಾಂಪ್ಸನ್ ಒಬ್ಬನೇ ಬಂಕರ್ ಕಡೆ ನಡೆದ, ಕೈಸನ್ನೆ ಮಾಡಿ ಒಬ್ಬೊಬ್ಬರನ್ನೇ ಹೊರಗೆ ಕರೆದ. ಅವನ ಚಿಕ್ಕ ಹೆಲಿಕಾಪ್ಟರಿನಲ್ಲಿ ಅಷ್ಟು ಜನಕ್ಕೆ ಜಾಗ ಇಲ್ಲ. ಮೇಲಿದ್ದ ಗನ್‌ಶಿಪ್ ಪೈಲಟ್‌ಗಳಿಗೆ ರೇಡಿಯೋದಲ್ಲಿ ಬೇಡಿಕೊಂಡ. ಡ್ಯಾನ್ ಮಿಲಿಯನ್ಸ್ ಅನ್ನೋ ಪೈಲಟ್ ತನ್ನ ಗನ್‌ಶಿಪ್ ಇಳಿಸಿ, ಎರಡು ಸಲ ಹೋಗಿ ಬಂದು, ಆ ಜನರನ್ನ ಸಾಗಿಸಿದ. ಅಷ್ಟು ಹೊತ್ತೂ ಗನ್ನುಗಳು ಎದುರುಬದುರು. ಎರಡೂ ಕಡೆಯಿಂದ ಒಂದು ಗುಂಡೂ ಹಾರಲಿಲ್ಲ. ಹಾರಿಸಬೇಕಾಗಿ ಬಂದರೆ ಹಾರಿಸೋಕೆ ಈ ಹುಡುಗ ರೆಡಿ ಇದ್ದ ಅಂತ ಎದುರಿನವರಿಗೆ ಗೊತ್ತಾಯ್ತು, ಅದೇ ಸಾಕಾಯ್ತು.

ವಾಪಸ್ ಹೋಗೋಕೆ ಮುಂಚೆ ಮತ್ತೆ ಅದೇ ಕಾಲುವೆ ಮೇಲೆ ಹಾರಿದರು. ಏನೋ ಅಲುಗಾಡಿದ್ದು ಆಂಡ್ರಿಯೊಟ್ಟಾ ಕಣ್ಣಿಗೆ ಬಿತ್ತು. ಮತ್ತೆ ಇಳಿದರು. ಆಂಡ್ರಿಯೊಟ್ಟಾ ಹೆಣಗಳ ನಡುವೆ ಕಾಲುವೆಯೊಳಗೇ ಇಳಿದು ನಡೆದ. ಹೆಣಗಳ ಅಡಿಯಿಂದ ಒಂದು ಮಗುವನ್ನ ಎತ್ತಿಕೊಂಡು ಬಂದ. ಮೈಯೆಲ್ಲ ರಕ್ತ, ಆದರೆ ಮಗುವಿಗೆ ದೊಡ್ಡ ಗಾಯ ಇರಲಿಲ್ಲ. ಕೋಲ್ಬರ್ನ್ ಅದನ್ನ ದಡಕ್ಕೆ ಎಳಕೊಂಡು ತೊಡೆ ಮೇಲೆ ಮಲಗಿಸಿಕೊಂಡ. ಅಷ್ಟು ಹೊತ್ತು ಮೆಷಿನ್‌ಗನ್ ಹಿಡಿದಿದ್ದ ಕೈಯಲ್ಲಿ ಮಗು. ಕ್ವಾಂಗ್ ನ್ಗಾಯ್ ಊರಿನ ಆಸ್ಪತ್ರೆಗೆ ಬಿಟ್ಟು ಬಂದರು.

ನಂತರ ಥಾಂಪ್ಸನ್ ತನ್ನ ಮೇಲಧಿಕಾರಿಗಳ ಹತ್ತಿರ ಹೋಗಿ ಸಿಟ್ಟಿನಲ್ಲಿ ಎಲ್ಲ ಹೇಳಿದ. ಗುಂಡು ನಿಲ್ಲಿಸಿ ಅಂತ ಆದೇಶ ಹೋಯಿತು. ಅದು ಇನ್ನೂ ಮುಂಚೆ ಹೋಗಿದ್ರೆ ಅನ್ನೋದು ಬೇರೆ ಮಾತು.

ಈಗ ನನ್ನ ಕಸುಬಿನ ವಿಷಯಕ್ಕೆ ಬರ್ತೀನಿ. ನಾನು ಗುಮಾಸ್ತ. ಫೈಲು ನೋಡಿ ನೋಡಿ ಕಣ್ಣು ಸವೆದೋನು. ನಡೆದಿದ್ದೇ ಬೇರೆ, ಟಿಪ್ಪಣಿ ಹಾಳೆಯಲ್ಲಿ ಬರೆಯೋದೇ ಬೇರೆ ಅನ್ನೋದು ನನಗೆ ಹೊಸದಲ್ಲ. ಅವತ್ತಿನ ಸೇನೆಯ ಅಧಿಕೃತ ವರದಿಯಲ್ಲಿ ಏನಿತ್ತು ಗೊತ್ತಾ? 128 ಶತ್ರುಗಳ ಸಾವು. ವಶಪಡಿಸಿಕೊಂಡ ಬಂದೂಕು 3. ಅಂದ್ರೆ 128 ಜನರ ಶತ್ರು ಪಡೆ ಮೂರೇ ಬಂದೂಕು ಹಿಡಿದು ಯುದ್ಧ ಮಾಡ್ತಂತೆ! ಯಾವ ಸೆಕ್ಷನ್ನಿನ ಯಾವ ಗುಮಾಸ್ತನ ಮುಂದೆ ಇಟ್ಟರೂ, ಸ್ವಾಮಿ ಈ ಎರಡು ಕಾಲಂ ಹೊಂದ್ತಾ ಇಲ್ವಲ್ಲ ಅಂತ ಕೇಳ್ತಿದ್ದ. ಅಲ್ಲಿ ಯಾರೂ ಕೇಳಲಿಲ್ಲ. ಪತ್ರಿಕೆಗಳು ಅದನ್ನ ಗೆಲುವು ಅಂತ ಅಚ್ಚು ಹಾಕಿದವು. ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅಭಿನಂದನೆ ಕಳಿಸಿದ. ಕರ್ನಲ್ ಹೆಂಡರ್ಸನ್ ವಿಚಾರಣೆ ಅಂತ ಮಾಡಿದ, ಥಾಂಪ್ಸನ್ನನ್ನೂ ಕೂರಿಸಿ ಕೇಳಿದ. ಕೊನೆಗೆ ಸುಮಾರು 20 ಜನ ನಾಗರಿಕರು ಆಕಸ್ಮಿಕವಾಗಿ, ಫಿರಂಗಿಗೂ ಎರಡೂ ಕಡೆಯ ಗುಂಡಿಗೂ ಸಿಕ್ಕಿ ಸತ್ತರು ಅಂತ ಬರೆದು ಫೈಲು ಮುಚ್ಚಿದ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಮೂವರಿಗೂ ಪದಕ ಕೊಟ್ಟರು. ಥಾಂಪ್ಸನ್‌ಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಇನ್ನಿಬ್ಬರಿಗೆ ಬ್ರಾಂಜ್ ಸ್ಟಾರ್. ಯಾಕೆ ಅಂತ ಕೇಳಿ. ಶತ್ರುಗಳ ಜೊತೆ ಭಾರೀ ಗುಂಡಿನ ಕಾಳಗ ನಡೀವಾಗ ನಡುವೆ ಸಿಕ್ಕಿದ ಮಗುವನ್ನ ಕಾಪಾಡಿದ್ದಕ್ಕಂತೆ! ಇಲ್ಲದ ಕಾಳಗವನ್ನ ಪದಕದ ಕಾಗದದಲ್ಲಿ ಹುಟ್ಟಿಸಿದರು. ಬಾಯಿ ಮುಚ್ಚಿಸೋಕೆ ಹೊಡೀಬೇಕು ಅಂತೇನಿಲ್ಲ, ಶಾಲು ಹೊದಿಸಿದ್ರೂ ಸಾಕು. ಥಾಂಪ್ಸನ್ ಆ ಪದಕವನ್ನ ಎಸೆದುಬಿಟ್ಟ. ಆಂಡ್ರಿಯೊಟ್ಟಾ ಅಷ್ಟು ಹೊತ್ತಿಗೆ ಬದುಕಿರಲಿಲ್ಲ. ಕಾಲುವೆಗಿಳಿದು ಮಗು ತಂದ ಆ ಹುಡುಗ ಮೂರೇ ವಾರ ಕಳೆದು, ಏಪ್ರಿಲ್ 8ಕ್ಕೆ, ಯುದ್ಧದಲ್ಲಿ ಸತ್ತುಹೋದ.

ಒಂದು ವರ್ಷ ಇಡೀ ವಿಷಯ ಮಣ್ಣಲ್ಲಿ ಮುಚ್ಚಿಹೋಗಿತ್ತು. ಅದನ್ನ ತೆಗೆದೋನೂ ಒಬ್ಬ ಡೋರ್ ಗನ್ನರ್ರೇ. ಹೆಸರು ರಾನ್ ರೈಡನ್‌ಅವರ್. ಘಟನೆ ಆಗಿ ಕೆಲವು ದಿನಕ್ಕೆ ಆ ಊರಿನ ಮೇಲೆ ಹಾರಿದ್ದ, ಹಾಳುಬಿದ್ದ ಊರನ್ನ ಕಣ್ಣಾರೆ ನೋಡಿದ್ದ. ಆಮೇಲೆ ಚಾರ್ಲಿ ಕಂಪನಿಯಲ್ಲಿದ್ದ ಗೆಳೆಯರ ಬಾಯಿಂದ ಸುದ್ದಿ ಬಂತು. ನಂಬೋಕಾಗದೆ ಇನ್ನೊಬ್ಬನನ್ನ ಕೇಳಿದ, ಮತ್ತೊಬ್ಬನನ್ನ ಕೇಳಿದ. ಎಲ್ಲರೂ ಹೇಳಿದ್ದು ಒಂದೇ. ಸೇನೆ ಬಿಟ್ಟು ಮನೆಗೆ ಹೋದ ಮೇಲೆ, 1969ರ ಮಾರ್ಚ್ 29ಕ್ಕೆ ಕೂತು ಒಂದು ಕಾಗದ ಬರೆದು, ಅದರ ಪ್ರತಿಗಳನ್ನ ಅಧ್ಯಕ್ಷರಿಗೆ, ಸೇನಾ ಕಚೇರಿಗೆ, ಸಂಸದರಿಗೆ, ಒಟ್ಟು ಸುಮಾರು 30 ಜನಕ್ಕೆ ಅಂಚೆ ಮಾಡಿದ. ಹೆಚ್ಚಿನೋರು ಉತ್ತರವನ್ನೇ ಕೊಡಲಿಲ್ಲ. ಮೋರಿಸ್ ಯುಡಾಲ್ ಅನ್ನೋ ಸಂಸದ ಪಟ್ಟು ಹಿಡಿದ. ತನಿಖೆ ಶುರುವಾಯ್ತು. ಆ ವರ್ಷ ನವೆಂಬರಿನಲ್ಲಿ ಪತ್ರಕರ್ತ ಸೀಮೋರ್ ಹರ್ಷ್ ವರದಿ ಮಾಡಿದ. ಸೇನೆಯ ಫೋಟೋಗ್ರಾಫರ್ ರಾನ್ ಹೇಬರ್ಲೆ ಅವತ್ತು ತನ್ನ ಸ್ವಂತ ಕ್ಯಾಮೆರಾದಲ್ಲಿ ತೆಗೆದಿದ್ದ ಬಣ್ಣದ ಚಿತ್ರಗಳು ಹೊರಗೆ ಬಂದವು. ಜಗತ್ತು ನೋಡಿತು.

ಅರ್ಜಿ ಹಾಕಿ ಏನು ಪ್ರಯೋಜನ ಅಂತ ನಮ್ಮಲ್ಲಿ ಕೆಲವರು ಕೇಳ್ತಾರೆ. 30 ಅರ್ಜಿಯಲ್ಲಿ ಒಂದೆರಡು ಕೆಲಸ ಮಾಡ್ತು ಅನ್ನೋದು ಅದಕ್ಕೆ ಉತ್ತರ.

ಮುಂದೆ ಏನಾಯ್ತು? ನ್ಯಾಯ ಸಿಕ್ತಾ? ನೋಡಿ. ಜನರಲ್ ಪಿಯರ್ಸ್ ನೇತೃತ್ವದ ತನಿಖಾ ಆಯೋಗದ ಮುಂದೆ ಥಾಂಪ್ಸನ್, ಕೋಲ್ಬರ್ನ್ ಇಬ್ಬರೂ ಕಂಡಿದ್ದನ್ನ ಕಂಡ ಹಾಗೇ ಹೇಳಿದರು. 26 ಜನರ ಮೇಲೆ ಆರೋಪ ಬಂತು. ಕಾಲುವೆ ಹತ್ತಿರ ಇದ್ದ ಸಾರ್ಜೆಂಟ್ ಖುಲಾಸೆ. ಕ್ಯಾಪ್ಟನ್ ಮೆಡಿನಾ ಖುಲಾಸೆ. ಮುಚ್ಚಿಹಾಕಿದ ಅಧಿಕಾರಿಗಳಲ್ಲಿ ವಿಚಾರಣೆಗೆ ಬಂದೋನು ಹೆಂಡರ್ಸನ್ ಒಬ್ಬನೇ, ಅವನೂ ಖುಲಾಸೆ. ಶಿಕ್ಷೆ ಆಗಿದ್ದು ಒಬ್ಬನೇ ಒಬ್ಬನಿಗೆ, ಕ್ಯಾಲಿಗೆ. 1971ರ ಮಾರ್ಚಿನಲ್ಲಿ ಜೀವಾವಧಿ ಶಿಕ್ಷೆ ಅಂತ ತೀರ್ಪಾಯ್ತು. ತಕ್ಷಣವೇ ಅಧ್ಯಕ್ಷ ನಿಕ್ಸನ್ ಅವನನ್ನ ಜೈಲಿನಿಂದ ತೆಗೆದು ಗೃಹಬಂಧನದಲ್ಲಿಡಿ ಅಂದ. ಮೂರೂವರೆ ವರ್ಷ ತನ್ನ ಕ್ವಾರ್ಟರ್ಸಿನಲ್ಲಿ ಕಳೆದು ಹೊರಗೆ ಬಂದ. ಆ ಕೊಲೆಗಾರನನ್ನ ಹೊಗಳಿ ಹಾಡು ಮಾಡಿದರು, ಅದರ ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು. ಜಾರ್ಜಿಯಾದ ಗವರ್ನರ್, ಮುಂದೆ ಅಧ್ಯಕ್ಷ ಆದ ಜಿಮ್ಮಿ ಕಾರ್ಟರ್, ಕ್ಯಾಲಿಯ ಪರವಾಗಿ ಹಗಲೊತ್ತೇ ಕಾರಿನ ಹೆಡ್‌ಲೈಟ್ ಹಾಕ್ಕೊಂಡು ಓಡಾಡಿ ಅಂತ ಜನಕ್ಕೆ ಕರೆ ಕೊಟ್ಟ. ಆ ಕಡೆ ಜನರನ್ನ ಕಾಪಾಡಿದ ಥಾಂಪ್ಸನ್‌ಗೆ ಏನು ಸಿಕ್ತು? ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡಲ್ ರಿವರ್ಸ್, ಶಿಕ್ಷೆ ಆಗಬೇಕಾದ್ದು ಥಾಂಪ್ಸನ್‌ಗೆ, ಅವನು ತನ್ನ ಸೇನೆ ಮೇಲೇ ಗನ್ ತಿರುಗಿಸಿದ ಅಂದ. ಫೋನಿನಲ್ಲಿ ಕೊಲೆ ಬೆದರಿಕೆ. ಮನೆ ಬಾಗಿಲಲ್ಲಿ ಸತ್ತ ಪ್ರಾಣಿಗಳು.

ಇದನ್ನ ಓದುವಾಗ ನಿಮಗೆ ಕಂಬಾಲಪಲ್ಲಿ ನೆನಪಾಗಲಿಲ್ವಾ? 2000ದ ಮಾರ್ಚ್ 11ರ ರಾತ್ರಿ 7 ಜನರನ್ನ ಮನೆಯೊಳಗೆ ಹಾಕಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದರು ಅನ್ನೋದು ಕಾರಣ. ಮೈ ಲಾಯ್ ಆದ ವರ್ಷವೇ, ಅದೇ 1968ರ ಡಿಸೆಂಬರ್ 25ಕ್ಕೆ, ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಜಾಸ್ತಿ ಕೇಳಿದ್ದಕ್ಕೆ 44 ಜನ ದಲಿತರನ್ನ ಗುಡಿಸಲಲ್ಲಿ ಸುಟ್ಟರು. ಅಲ್ಲಿಯೂ ಜಮೀನ್ದಾರರು ಹೈಕೋರ್ಟಿನಲ್ಲಿ ಬಿಡುಗಡೆ ಆದರು. ಅಂಥ ಸಿರಿವಂತರು ತಾವೇ ಬಂದು ಬೆಂಕಿ ಹಚ್ಚಿದರು ಅಂತ ನಂಬೋದು ಕಷ್ಟ ಅನ್ನೋ ಅರ್ಥದ ಮಾತು ತೀರ್ಪಿನಲ್ಲಿತ್ತು. ಹೋಲಿಕೆ ಇಷ್ಟಕ್ಕೇ ಸಾಕು, ಎಲ್ಲ ನೋವನ್ನೂ ಒಂದೇ ತಕ್ಕಡಿಗೆ ಹಾಕೋದು ನನ್ನ ಉದ್ದೇಶ ಅಲ್ಲ. ನಾನು ಹೇಳ್ಬೇಕಾಗಿರೋದು ಸಾಕ್ಷಿಯ ಬಗ್ಗೆ.

ಬಡವ ಸಾಕ್ಷಿ ತಿರುಗಿ ಬಿದ್ದರೆ ಅವನನ್ನ ಬೈಯೋದು ಸುಲಭ. ಅದೇ ಊರಲ್ಲಿ, ಅದೇ ಜಮೀನಲ್ಲಿ, ಕೊಂದವರ ಎದುರಿಗೇ ಅವನು ಬದುಕಬೇಕು. ಆದರೆ ಕೊಲ್ಲೋ ಕಡೆಯಲ್ಲೂ ಸಾಕ್ಷಿಗಳು ಇರ್ತಾರೆ. ಸೀಮೆಎಣ್ಣೆ ಡಬ್ಬ ಹೊತ್ತು ಹೋದೋನ ಮನೆಯೋರು, ಅವತ್ತು ಊರಬಾಗಿಲಲ್ಲಿ ನಿಂತು ನೋಡಿದೋರು, ಕಂಪ್ಲೇಂಟು ಬರಕೊಳ್ಳದೆ ವಾಪಸ್ ಕಳಿಸಿದ ಸ್ಟೇಷನ್ನಿನ ಪೇದೆ. ಅವರನ್ನ ಯಾರೂ ಸಾಕ್ಷಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅವರಿಗೂ ತಾವು ಸಾಕ್ಷಿ ಅಂತ ಅನ್ನಿಸೋದಿಲ್ಲ. ಕೋಲ್ಬರ್ನ್ ದೊಡ್ಡೋನಾಗೋದು ಇಲ್ಲೇ. ಅವನು ಕೊಲ್ಲೋರ ಕಡೆಯ ಸಾಕ್ಷಿ. ಸುಮ್ಮನಿದ್ದಿದ್ರೆ ಅವನಿಗೆ ಒಂದು ಕೂದಲೂ ಕೊಂಕ್ತಿರಲಿಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು. ಇದು ಬಿಳಿಯರು ಕಪ್ಪವರು ಅಂತ ಸರಳವಾಗಿ ಬಿಡಿಸೋ ಲೆಕ್ಕ ಅಲ್ಲ. ಚಾರ್ಲಿ ಕಂಪನಿಯಲ್ಲಿ ಕಪ್ಪು ಸೈನಿಕರೂ ಇದ್ದರು. ಹ್ಯಾರಿ ಸ್ಟಾನ್ಲಿ ಅನ್ನೋ ಕಪ್ಪು ಸೈನಿಕ, ಜನರನ್ನ ಕೊಲ್ಲು ಅಂತ ಕ್ಯಾಲಿ ಕೊಟ್ಟ ಆದೇಶವನ್ನ ಒಪ್ಪಲಿಲ್ಲ. ರಾಬರ್ಟ್ ಮೇಪಲ್ಸ್ ಅನ್ನೋ ಕಪ್ಪು ಮೆಷಿನ್‌ಗನ್ನರ್ ಕಾಲುವೆಯ ಮುಂದೆ ನಿಂತು ಗುಂಡು ಹೊಡೆಯಲ್ಲ ಅಂದ. ಆದರೆ ವರ್ನಾಡೋ ಸಿಂಪ್ಸನ್ ಅನ್ನೋ ಇನ್ನೊಬ್ಬ ಕಪ್ಪು ಸೈನಿಕ ಸುಮಾರು 25 ಜನರನ್ನ ತಾನೇ ಕೊಂದೆ ಅಂತ ಒಪ್ಪಿಕೊಂಡ. ಆ ನೆನಪು ಅವನನ್ನ ಜೀವನಪೂರ್ತಿ ಸುಟ್ಟಿತು, 1997ರಲ್ಲಿ ಅವನೇ ಪ್ರಾಣ ಕಳಕೊಂಡ. ತುಳಿತಕ್ಕೊಳಗಾದ ಜಾತಿಯಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಕೈಯಿಂದ ತಪ್ಪಾಗಲ್ಲ ಅಂತ ಯಾರೂ ಬರಕೊಟ್ಟಿಲ್ಲ. ಯೂನಿಫಾರ್ಮ್ ಹಾಕಿದ ಮೇಲೆ ನಮ್ಮ ಹುಡುಗರ ಲಾಠಿ ಯಾರ ಬೆನ್ನ ಮೇಲೆ ಬೀಳ್ತಿದೆ ಅಂತ ನಾವು ನೋಡ್ತಾ ಇರಬೇಕು. ಕೋರೆಗಾಂವ್ ಸ್ತಂಭದ ಮುಂದೆ ನಿಂತು ನಾವು ಹೆಮ್ಮೆ ಪಡೋದು ಬಂದೂಕು ಹಿಡಿದಿದ್ದಕ್ಕಲ್ಲ, ಅದು ಯಾರ ಕಡೆ ತಿರುಗಿತ್ತು ಅನ್ನೋದಕ್ಕೆ.

ಉಳಿದ ಕತೆ ಬೇಗ ಹೇಳ್ತೀನಿ. 1989ರಲ್ಲಿ ಬ್ರಿಟನ್ನಿನ ಟಿವಿಯೋರು ಮೈ ಲಾಯ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಅದನ್ನ ನೋಡಿದ ಡೇವಿಡ್ ಈಗನ್ ಅನ್ನೋ ಪ್ರೊಫೆಸರು, ಈ ಮೂವರಿಗೆ ಮರ್ಯಾದೆ ಸಿಗಬೇಕು ಅಂತ ವರ್ಷಗಟ್ಟಲೆ ಕಾಗದ ಬರೀತಾ ಹೋದ. ಸದ್ದಿಲ್ಲದೆ ಥಾಂಪ್ಸನ್ ಒಬ್ಬನಿಗೆ ಪದಕ ಕೊಟ್ಟು ಕೈತೊಳಕೊಳ್ಳೋಣ ಅಂತ ಸೇನೆಗಿತ್ತು. ಥಾಂಪ್ಸನ್ ಒಪ್ಪಲಿಲ್ಲ. ನನ್ನ ಹುಡುಗರಿಬ್ಬರಿಗೂ ಕೊಡಬೇಕು, ಅದೂ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಮುಂದೆ ಎಲ್ಲರ ಎದುರಿಗೆ ಕೊಡಬೇಕು ಅಂದ. 1998ರ ಮಾರ್ಚ್ 6ಕ್ಕೆ ಹಾಗೇ ಆಯ್ತು. 30 ವರ್ಷ ಕಳೆದ ಮೇಲೆ. ಆಂಡ್ರಿಯೊಟ್ಟಾ ಹೆಸರು ಆ ಸ್ಮಾರಕದ ಗೋಡೆಯ ಮೇಲೇ ಇತ್ತು. ಕೊಟ್ಟ ಪದಕದ ಹೆಸರು ಸೋಲ್ಜರ್ಸ್ ಮೆಡಲ್. ಶತ್ರುವಿನ ಜೊತೆ ಕಾಳಗ ಇಲ್ಲದ ಕಡೆ ತೋರಿಸಿದ ಧೈರ್ಯಕ್ಕೆ ಕೊಡೋ ಪದಕ ಅದು. 1968ರ ಪದಕದ ಕಾಗದದಲ್ಲಿ ಕಾಳಗ ಇತ್ತು. 1998ರ ಪದಕದಲ್ಲಿ ಸೇನೆ ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಜ ಒಪ್ಪಿಕೊಂಡಿತು: ಅಲ್ಲಿ ಶತ್ರು ಇರಲಿಲ್ಲ.

ಅದೇ ತಿಂಗಳು ಥಾಂಪ್ಸನ್, ಕೋಲ್ಬರ್ನ್ ಇಬ್ಬರೂ ಮೈ ಲಾಯ್‌ಗೆ ಹೋದರು. ಬಂಕರ್‌ನಿಂದ ಬದುಕಿ ಬಂದ ಹೆಂಗಸರನ್ನ ಕಂಡರು. ಅವರಲ್ಲಿ ಒಬ್ಬಾಕೆ, ಗುಂಡು ಹೊಡೆದವರು ಯಾಕೆ ನಿಮ್ಮ ಜೊತೆ ಬರಲಿಲ್ಲ, ಬಂದಿದ್ರೆ ಅವರನ್ನ ಕ್ಷಮಿಸಬಹುದಿತ್ತು ಅಂದಳಂತೆ. ಈ ಮಾತನ್ನ ಥಾಂಪ್ಸನ್ ಸಾಯೋವರೆಗೂ ಹೇಳ್ತಿದ್ದ. ತನ್ನಿಂದ ಅದು ಆಗಲ್ಲ, ತಾನು ಅಷ್ಟು ದೊಡ್ಡೋನಲ್ಲ ಅಂತಾನೂ ಹೇಳ್ತಿದ್ದ. 2001ರಲ್ಲಿ ಮತ್ತೆ ಹೋದಾಗ ಕಾಲುವೆಯಿಂದ ಎತ್ತಿದ ಆ ಮಗು ಸಿಕ್ಕಿದ. ದೊಡ್ಡೋನಾಗಿದ್ದ, ಹೆಸರು ದೋ ಬಾ. 2006ರ ಜನವರಿಯಲ್ಲಿ ಥಾಂಪ್ಸನ್ ಕ್ಯಾನ್ಸರಿನಿಂದ ಸಾಯುವಾಗ ಹಾಸಿಗೆ ಪಕ್ಕದಲ್ಲಿ ಕೋಲ್ಬರ್ನ್ ಕೂತಿದ್ದ. 2008ರಲ್ಲಿ, ಕೊಲೆಗಳಾಗಿ 40 ವರ್ಷಕ್ಕೆ, ಕೋಲ್ಬರ್ನ್ ಮತ್ತೆ ಆ ಊರಿಗೆ ಹೋಗಿ ದೋ ಬಾ ಜೊತೆ ನಿಂತ. 2016ರ ಡಿಸೆಂಬರ್ 13ಕ್ಕೆ ಅವನೂ ಕ್ಯಾನ್ಸರಿನಿಂದಲೇ ತೀರಿಕೊಂಡ, 67 ವರ್ಷ. ಕ್ಯಾಲಿ ಅವನಿಗಿಂತ ಏಳು ವರ್ಷ ಹೆಚ್ಚೇ ಬದುಕಿ, 80 ದಾಟಿ, 2024ರಲ್ಲಿ ಸತ್ತ.

ಈ ಮೂವರನ್ನ ದೇವರು ಮಾಡಿ ಕೂರಿಸಿ ಅಂತ ನಾನು ಹೇಳ್ತಿಲ್ಲ. ಅವರು ಉಳಿಸಿದ್ದು ಹತ್ತು ಹನ್ನೆರಡು ಜನರನ್ನ, ಸತ್ತಿದ್ದು 504. ಒಳ್ಳೆಯ ಮೂವರು ಇದ್ದರು ಅಂತ ಅಮೆರಿಕ ತನ್ನ ಪಾಪ ತೊಳಕೊಳ್ಳೋದಕ್ಕೂ ಆಗಲ್ಲ. ಆ ಊರಿನ ಕತೆಯ ಒಡೆಯರು ಆ ಊರಿನೋರೇ. 504 ಹೆಸರುಗಳನ್ನ ಒಂದೂ ಬಿಡದೆ ಗೋಡೆಗೆ ಕೆತ್ತಿದೋರು ಅವರು. ಅವರು ಬರೆದಿಡದೇ ಹೋಗಿದ್ರೆ ಇವತ್ತು 128 ಶತ್ರುಗಳು ಅನ್ನೋದೇ ಇತಿಹಾಸ ಆಗಿರೋದು.

ಅದಕ್ಕೇ ಎರಡು ಕೆಲಸ ಹೇಳಿ ಮುಗಿಸ್ತೀನಿ. ನಮ್ಮ ಮೇಲೆ ನಡೆದ ಪ್ರತಿಯೊಂದು ದೌರ್ಜನ್ಯದಲ್ಲಿ ಸತ್ತವರ ಹೆಸರು, ವಯಸ್ಸು, ತಾರೀಕು ನಾವೇ ಬರೆದಿಟ್ಟುಕೊಳ್ಳೋಣ. ಪೊಲೀಸರ ಲೆಕ್ಕಕ್ಕೆ ಕಾಯೋದು ಬೇಡ. ಎರಡನೇದು, ಸರ್ಕಾರದ ಯಾವುದಾದರೂ ಯಂತ್ರದ ಬಾಗಿಲಲ್ಲಿ ಕೂತಿರೋ ನಮ್ಮ ಹುಡುಗ ಹುಡುಗಿಯರಿಗೆ. ಪೊಲೀಸ್ ಜೀಪಾಗಲಿ, ತಾಲ್ಲೂಕು ಕಚೇರಿಯ ಟೇಬಲ್ಲಾಗಲಿ, ಆಸ್ಪತ್ರೆಯ ಪೋಸ್ಟ್‌ಮಾರ್ಟಂ ರಿಜಿಸ್ಟರಾಗಲಿ. ನಿಮ್ಮ ದರ್ಜೆ ಚಿಕ್ಕದಿರಬಹುದು. 18ರ ಕೋಲ್ಬರ್ನ್ ದರ್ಜೆಯೂ ಚಿಕ್ಕದೇ. ಕಣ್ಣಿಗೆ ಬಿದ್ದಿದ್ದನ್ನ ಬಿದ್ದ ಹಾಗೇ ಹೇಳೋಕೆ ದರ್ಜೆ ಬೇಕಾಗಲ್ಲ.

 ಇಷ್ಟ ಆದ್ರೆ ಬೇರೆಯವರಿಗೂ ಹಂಚಿ.

ಜೈಭೀಮ್.